ಜೀಪ್ ಶೆಡ್ಡಿನ ಬಾಗಿಲಿಗೆ ಕಣ್ಣಿದೆಯೇ?

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪ್ ಶೆಡ್ಡಿನ ಬಾಗಿಲೆಂದರೆ ಹಿಂದೆ ಎರಡು ಹಲಗೆಯ ರೆಕ್ಕೆ, ಒಂದು ಅಗಳಿ, ಅಷ್ಟೇ. ಕಾಳುಮೆಣಸು, ಅಡಿಕೆ, ಕಾಫಿ ಚೀಲಗಳಿಗೆ ಬೆಲೆ ಬಂದಂತೆ ಕಳ್ಳರ ಭಯವೂ ಬಂದು, ಶೆಡ್ಡಿಗೆ ಕಬ್ಬಿಣದ ರೋಲಿಂಗ್ ಷಟರ್ ಬಂದಿತು. ಅದನ್ನು ಎತ್ತಲು ಸೊಂಟ ಒಪ್ಪದೆ ಹೋದಾಗ ಮೋಟಾರು ಬಂದಿತು. ಮಳೆಯಲ್ಲಿ ಜೀಪಿನಿಂದ ಇಳಿಯಲು ಮನಸ್ಸಾಗದೆ ಹೋದಾಗ ರಿಮೋಟ್ ಬಂದಿತು. ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಇಂದು ಇಂಥ ಬಾಗಿಲಾಗಲಿ, ತಾನೇ ಸರಿಯುವ ಗೇಟಾಗಲಿ ಇದೆ. ಹಾಕಿಸಿದ ದಿನವನ್ನು ಬಿಟ್ಟರೆ ಮತ್ತೊಮ್ಮೆ ಅದನ್ನು ಪರೀಕ್ಷಿಸಿ ನೋಡಿದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದ್ದರೆ, ಕಳೆದ ಡಿಸೆಂಬರಿನವರೆಗೆ ನಾವೂ ಕೈ ಎತ್ತುವಂತಿರಲಿಲ್ಲ.

ಅಂದು ಹಣ್ಣು ಕೊಯ್ಲಿನ ದಿನ. ಸಂಜೆ ಅಳತೆ ಮುಗಿದು ಚೀಲಗಳನ್ನು ಶೆಡ್ಡಿನೊಳಗೆ ಇರಿಸಿಯಾಗಿತ್ತು. ಕೊನೆಯದೊಂದು ಚೀಲ ಹೊಸ್ತಿಲಿಗೆ ಅಡ್ಡವಾಗಿ ಉಳಿದಿತ್ತು. ಕತ್ತಲಾಗಿದ್ದುದರಿಂದ ನಾವು ಅದನ್ನು ಗಮನಿಸದೆ ಜಗಲಿಯಲ್ಲಿ ನಿಂತೇ ರಿಮೋಟಿನ ಗುಂಡಿ ಒತ್ತಿದೆವು. ಷಟರ್ ಇಳಿಯಿತು, ಚೀಲಕ್ಕೆ ತಗಲಿತು, ನಿಲ್ಲಲಿಲ್ಲ. ಅದರ ಭಾರವೆಲ್ಲ ಚೀಲದ ಮೇಲೆ ಕೂತು ಗೋಣಿ ಬಿರಿಯಿತು, ಹಣ್ಣು ಅರೆದು ಹೊಸ್ತಿಲ ಮೇಲೆ ಹರಡಿತು. ಮೇಲೆ ಡ್ರಮ್ಮಿನಲ್ಲಿ ಪಟ್ಟಿಗಳು ಸಡಿಲಗೊಂಡು ಕಿರುಗುಟ್ಟುತ್ತಿದ್ದರೂ ಮೋಟಾರು ತಿರುಗುತ್ತಲೇ ಇತ್ತು. ಮೇಸ್ತ್ರಿ ಓಡಿ ಹೋಗಿ ಮೈನ್ ಸ್ವಿಚ್ ಇಳಿಸಿದ. ಆಮೇಲೆ ಅವನು ಹೇಳಿದ್ದು ಒಂದೇ ಮಾತು: “ಅಯ್ಯಾ, ಪಾಪು ಆ ಚೀಲದ ಮೇಲೇ ಕೂತಿತ್ತು, ಅವರಮ್ಮ ಈಗಷ್ಟೇ ಕರಕೊಂಡು ಹೋದ್ಲು.”

ನಮ್ಮ ಷಟರಿಗೆ ಸೆನ್ಸರ್ ಇತ್ತು. ಎರಡೂ ಪಕ್ಕದ ಕಂಬಗಳಲ್ಲಿ ಎದುರುಬದುರಾಗಿ ಎರಡು ಕಣ್ಣು. ಒಂದರಿಂದ ಹೊರಟ ಕಿರಣ ಇನ್ನೊಂದನ್ನು ತಲುಪದಿದ್ದರೆ ಬಾಗಿಲು ಇಳಿಯಬಾರದು. ಅದಕ್ಕೆ ದುಡ್ಡನ್ನೂ ಕೊಟ್ಟಿದ್ದೆವು. ಮಾರನೆಯ ದಿನ ಪೆಟ್ಟಿಗೆ ಬಿಚ್ಚಿಸಿ ನೋಡಿದರೆ ಸೆನ್ಸರಿನ ಎರಡು ತಂತಿಗಳನ್ನು ಪರಸ್ಪರ ಹೆಣೆದು ಟೇಪು ಸುತ್ತಲಾಗಿತ್ತು. ಆಗ ಜ್ಞಾಪಕಕ್ಕೆ ಬಂತು. ಜುಲೈ ತಿಂಗಳ ಜಡಿಮಳೆಯಲ್ಲಿ ಕಣ್ಣಿನೊಳಗೆ ತೇವ ಹೋಗಿ, ಬಾಗಿಲು ಅರ್ಧ ಇಳಿದು ಮತ್ತೆ ಮೇಲಕ್ಕೆ ಹೋಗುತ್ತಿತ್ತು. ರಿಪೇರಿಗೆ ಬಂದ ಹುಡುಗ ಹತ್ತು ನಿಮಿಷದಲ್ಲಿ ‘ಸರಿ’ ಮಾಡಿ ಹೋಗಿದ್ದ. ನಾವು ಸಂತೋಷದಿಂದ ಕಾಫಿ ಕೊಟ್ಟು ಕಳಿಸಿದ್ದೆವು. ಅವನನ್ನು ದೂರುವಂತಿಲ್ಲ. ‘ಹೇಗಾದರೂ ಮಾಡಿ ಮುಚ್ಚುವ ಹಾಗೆ ಮಾಡಿಕೊಡಪ್ಪ’ ಎಂದವರು ನಾವೇ.

ಸದಸ್ಯ ಬಾಂಧವರ ಗಮನಕ್ಕೆ ತರಬೇಕಾದ ಮುಖ್ಯ ಸಂಗತಿ ಇದೇ. ಇಂಥ ಬಾಗಿಲುಗಳ ರಕ್ಷಣಾ ಸಾಧನ ತಾನಾಗಿ ಕೆಡುವುದುಂಟು, ಆದರೆ ಅದರ ಕಾಟ ತಾಳಲಾರದೆ ನಾವೇ ಅದರ ಬಾಯಿ ಮುಚ್ಚಿಸುವುದೂ ಉಂಟು. ಹಾಗೆ ಮುಚ್ಚಿಸಿದ ಮೇಲೆ ಬಾಗಿಲು ಮೊದಲಿಗಿಂತ ಸಲೀಸಾಗಿ ನಡೆಯುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಈ ಕಣ್ಣಿಗೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಕಾರು ನಿಲ್ಲಿಸುವ ಕೋಣೆ ಮನೆಗೇ ಅಂಟಿಕೊಂಡಿರುತ್ತದೆ, ಅದರ ಮೋಟಾರು ಬಾಗಿಲು ಮಕ್ಕಳ ಓಡಾಟದ ದಾರಿಯೂ ಹೌದು. 1982ರಿಂದ ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳು ಅಂಥ ಬಾಗಿಲುಗಳಡಿ ಸಿಕ್ಕಿ ಸತ್ತ ವರದಿಗಳು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಬಂದವು. 1990ರಲ್ಲಿ ಶಾಸನವಾಯಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳೆಲ್ಲ, ಬಾಗಿಲು ಏನಕ್ಕಾದರೂ ತಗಲಿದರೆ ಹಿಂದಕ್ಕೆ ಎತ್ತಬೇಕು. ಅದರ ಮೇಲೆ ಕಿರಣದ ಕಣ್ಣಿನಂಥ ಎರಡನೆಯ ರಕ್ಷಣೆಯೂ ಇರಬೇಕು ಎಂದು ಕಡ್ಡಾಯವಾಯಿತು. ಕಣ್ಣನ್ನು ನೆಲದಿಂದ ಆರು ಇಂಚಿಗಿಂತ ಮೇಲೆ ಕೂರಿಸಬಾರದು. ಅದಕ್ಕಿಂತ ಮೇಲಿದ್ದರೆ ಮಲಗಿದ ಮಗುವಿನ ಮೇಲಿಂದಲೇ ಕಿರಣ ಹಾದುಹೋಗುತ್ತದೆ. ನಮ್ಮ ಕಡೆ ಮಂಡಿಯೆತ್ತರಕ್ಕೆ ಕೂರಿಸಿರುವುದನ್ನು ನಾವು ನೋಡಿದ್ದೇವೆ. ಚೀಲ ಎಳೆಯುವಾಗ ಒದೆತ ತಗಲಬಾರದೆಂಬುದು ಅದಕ್ಕೆ ಕೊಡುವ ಕಾರಣ. ಅಮೆರಿಕದವರೂ ನಮಗಿಂತ ಸಾಧುಗಳೇನಲ್ಲ. ಎರಡು ಕಣ್ಣುಗಳನ್ನೂ ಕಿತ್ತು ಸೂರಿನ ಬಳಿ ಒಂದಕ್ಕೊಂದು ಎದುರಾಗಿ ಅಂಟಿಸಿ ಯಂತ್ರಕ್ಕೇ ಮಂಕುಬೂದಿ ಎರಚಿದವರು ಅಲ್ಲೂ ಇದ್ದಾರೆ.

ಇನ್ನು ಪರೀಕ್ಷೆಯ ವಿಚಾರ. ಬಾಗಿಲು ಇಳಿಯುತ್ತಿರುವಾಗ ಪಕ್ಕಕ್ಕೆ ನಿಂತು, ಉದ್ದ ಹಿಡಿಯ ಪೊರಕೆಯೊಂದನ್ನು ಆ ಎರಡು ಕಣ್ಣುಗಳ ನಡುವೆ ನೆಲದ ಸಮೀಪ ಅಡ್ಡ ಹಿಡಿಯಿರಿ. ಬಾಗಿಲು ತಕ್ಷಣ ನಿಂತು ಮೇಲಕ್ಕೆ ಹೋಗಬೇಕು. ಕೈಯನ್ನಾಗಲಿ ಕಾಲನ್ನಾಗಲಿ ಒಡ್ಡಬೇಡಿ. ಅನಂತರ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು (ಸಿಲ್ವರ್ ಓಕ್ ಆದರೂ ಸಾಕು) ಬಾಗಿಲಿನ ನಡುಮಧ್ಯೆ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ಬಾಗಿಲು ಇಳಿಸಿ. ತುಂಡಿಗೆ ತಗಲಿದ ಎರಡು ಸೆಕೆಂಡಿನೊಳಗೆ ಅದು ಹಿಂದಿರುಗಬೇಕೆಂಬುದು ಅಮೆರಿಕದ ನಿಯಮ. ತಿಂಗಳಿಗೊಮ್ಮೆ ಇವೆರಡನ್ನೂ ಮಾಡಲು ಐದು ನಿಮಿಷ ಹಿಡಿಯಲಾರದು.

ಆದರೆ ಒಂದು ವಿಷಯದಲ್ಲಿ ಎಚ್ಚರವಿರಬೇಕು. ಮರದ ತುಂಡಿನ ಪರೀಕ್ಷೆ ಹುಟ್ಟಿದ್ದು ಅಗಲ ಹಲಗೆಗಳು ಮಡಚಿಕೊಂಡು ಸೂರಿಗೆ ಸರಿಯುವ ಬಾಗಿಲುಗಳಿಗೆ. ನಮ್ಮ ಕಡೆಯ ರೋಲಿಂಗ್ ಷಟರ್ ಮೋಟಾರುಗಳಲ್ಲಿ ಅನೇಕಕ್ಕೆ ಅಡ್ಡಿಯನ್ನು ಅರಿಯುವ ಶಕ್ತಿಯೇ ಇಲ್ಲ. ಇಂತಿಷ್ಟು ಸುತ್ತು ತಿರುಗಿದರೆ ಕೆಳಗೆ ಮುಟ್ಟಿತು ಎಂಬ ಲೆಕ್ಕ ಮಾತ್ರ ಅದಕ್ಕೆ ಗೊತ್ತು, ನಡುವೆ ಚೀಲವೋ ಮಗುವೋ ಅದರ ಲೆಕ್ಕದಲ್ಲಿಲ್ಲ. ಇಂಥ ಷಟರಿಗೆ ಕಣ್ಣನ್ನಾಗಲಿ, ಕೆಳಪಟ್ಟಿಗೆ ತಗಲಿದರೆ ನಿಲ್ಲಿಸುವ ರಬ್ಬರಿನ ಅಂಚನ್ನಾಗಲಿ ಬೇರೆಯಾಗಿಯೇ ಹಾಕಿಸಬೇಕು. ಅದು ಆಗದಿದ್ದರೆ ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಇಳಿಯುವ, ಬೆರಳು ತೆಗೆದೊಡನೆ ನಿಲ್ಲುವ ಗುಂಡಿ ಹಾಕಿಸಿಕೊಳ್ಳುವುದು ಲೇಸು. ಗುಂಡಿ ಬಾಗಿಲು ಕಣ್ಣಿಗೆ ಕಾಣುವ ಜಾಗದಲ್ಲಿ, ಐದಡಿ ಎತ್ತರದಲ್ಲಿರಲಿ, ಚಿಕ್ಕವರ ಕೈಗೆ ಎಟುಕದಂತೆ.

ನಿರ್ವಹಣೆಯಲ್ಲಿ ನಮ್ಮ ಹವೆಯೇ ದೊಡ್ಡ ಶತ್ರು. ಕಣ್ಣಿನ ಗಾಜಿನ ಮೇಲೆ ಅಡಿಕೆ ಸಿಪ್ಪೆಯ ಧೂಳು, ಕಾಫಿ ಹೊಟ್ಟು, ಜೇಡರ ಬಲೆ ಇವು ಬೇಗ ಕೂರುತ್ತವೆ. ಕಣಜಗಳು ಮಣ್ಣಿನ ಗೂಡು ಕಟ್ಟುವುದೂ ಉಂಟು. ಒಣ ಬಟ್ಟೆಯಿಂದ ಒರೆಸಿದರೆ ಅರ್ಧ ತಂಟೆ ಅಲ್ಲಿಗೇ ಮುಗಿಯಿತು. ಮಳೆಗಾಲಕ್ಕೆ ಮುಂಚೆ ತಂತಿ ಒಳಬರುವ ತೂತನ್ನು ಮುಚ್ಚಿಸಿ. ಪಕ್ಕದ ಕಬ್ಬಿಣದ ಗಾಡಿಗಳಿಗೆ ಗ್ರೀಸು ಬಳಿಯಬೇಡಿ, ಅದಕ್ಕೆ ಧೂಳು ಹತ್ತಿ ಷಟರ್ ಸಿಕ್ಕಿಕೊಳ್ಳುತ್ತದೆ. ಒರೆಸಿ ಒಣಗಿಸಿಟ್ಟರೆ ಸಾಕು. ಡ್ರಮ್ಮಿನೊಳಗಿನ ಸ್ಪ್ರಿಂಗಿನ ಸುದ್ದಿಗೆ ಮಾತ್ರ ಹೋಗಬೇಡಿ. ಸುತ್ತಿ ಬಿಗಿದ ಸ್ಪ್ರಿಂಗು ಕೈತಪ್ಪಿದರೆ ಮೂಳೆ ಮುರಿಯುತ್ತದೆ, ಅದು ಕಸುಬಿನವರ ಕೆಲಸ. ಬೇಸಿಗೆಯ ಗುಡುಗು ಮಳೆಯ ನಂತರ ಮೋಟಾರು ಉಳಿದಿದ್ದರೂ ಕಣ್ಣು ಉಳಿದಿದೆಯೆಂಬ ಭರವಸೆ ಬೇಡ, ಪುನಃ ಪರೀಕ್ಷಿಸಿ. ಪಕ್ಕದ ಬೀಗ ಹಾಕಿದ್ದಂತೆಯೇ ರಿಮೋಟ್ ಒತ್ತಿ ಷಟರ್ ಹರಿದುಕೊಂಡ ಸದಸ್ಯರೊಬ್ಬರ ಕಥೆ ಬಹಳ ಮಂದಿಗೆ ಗೊತ್ತಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಕರೆಂಟು ಹೋದಾಗ ಒಳಗಿನಿಂದ ಬಾಗಿಲು ತೆರೆಯುವ ಬಗೆ ಮನೆಯ ಹೆಂಗಸರಿಗೂ ರೈಟರಿಗೂ ಗೊತ್ತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2017ರ ಅಕ್ಟೋಬರಿನ ಕಾಡ್ಗಿಚ್ಚಿನಲ್ಲಿ ವಿದ್ಯುತ್ ನಿಂತು, ಬಾಗಿಲು ತೆರೆಯಲಾಗದೆ ಕೆಲವರು ಜೀವ ಕಳಕೊಂಡರು. 2019ರ ಜುಲೈಯಿಂದ ಅಲ್ಲಿ ಹೊಸ ಯಂತ್ರಗಳಿಗೆ ಬ್ಯಾಟರಿ ಇರಲೇಬೇಕು. ನಮ್ಮಲ್ಲಿ ಕೈಸರಪಳಿಯೋ ಹಿಡಿಕೆಯೋ ಇರುತ್ತದೆ; ಅದು ಗೊಬ್ಬರದ ಚೀಲಗಳ ಹಿಂದೆ ಹುದುಗಿರದಿದ್ದರೆ ಆಯಿತು. ಮಕ್ಕಳ ಮನೆಗೆಂದು ಪರದೇಶಕ್ಕೆ ಹೋಗುವ ಸದಸ್ಯರಿಗೆ ಒಂದು ಮಾತು: ಅಲ್ಲಿ ಸೂರಿನಿಂದ ತೂಗುವ ಕೆಂಪು ಹಗ್ಗವನ್ನು ಬಾಗಿಲು ಮುಚ್ಚಿರುವಾಗ ಮಾತ್ರ ಎಳೆಯಿರಿ. ತೆರೆದಿರುವಾಗ ಎಳೆದರೆ, ಸ್ಪ್ರಿಂಗು ಸೋತಿದ್ದ ಪಕ್ಷದಲ್ಲಿ ಬಾಗಿಲು ಧೊಪ್ಪನೆ ಬೀಳುತ್ತದೆ.

ಸರಿಯುವ ಗೇಟಿಗೂ ಕಣ್ಣಿನ ಪರೀಕ್ಷೆ ಇದೇ. ಜೊತೆಗೆ, ಕಂಬಿಯ ಎರಡೂ ತುದಿಯಲ್ಲಿ ಗಟ್ಟಿ ತಡೆಗೂಟ ಇದೆಯೇ, ಮೇಲ್ಗಡೆ ಹಿಡಿದಿರುವ ಉರುಳೆಗಳು ಭದ್ರವಾಗಿವೆಯೇ ನೋಡಿಕೊಳ್ಳಬೇಕು. ಕಂಬಿ ಬಿಟ್ಟು ಮಗುಚಿದ ಗೇಟಿನ ಭಾರ ಷಟರಿಗಿಂತ ಕಡಿಮೆಯೇನಲ್ಲ, ಅದರ ಮೇಲೆ ಜೋತಾಡುವುದು ಎಲ್ಲ ಮಕ್ಕಳ ಆಟ.

ನಮ್ಮ ಮನೆಯದು ಮುಗಿದ ಮೇಲೆ ಸಂಘದ ಗೊಬ್ಬರದ ಗೋದಾಮಿನ ಷಟರನ್ನೂ ಪರೀಕ್ಷಿಸಿದೆವು. ಅದಕ್ಕೆ ಕಣ್ಣೇ ಇರಲಿಲ್ಲ. ಹಾಕಿಸಿದಾಗ ಬಿಲ್ಲಿಗೆ ಸಹಿ ಮಾಡಿದವರು ನಾವೇ ಆದುದರಿಂದ ಆಡಳಿತ ಮಂಡಲಿಯ ಮುಂದೆ ತಪ್ಪೊಪ್ಪಿಕೊಂಡು ಮಂಜೂರಾತಿ ಪಡೆದೆವು. ಈಗ ಕಣ್ಣೂ ಒತ್ತಿ ಹಿಡಿಯುವ ಗುಂಡಿಯೂ ಬಂದಿವೆ. ಮರದ ತುಂಡನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ಪರೀಕ್ಷಿಸಿದ ತಾರೀಖನ್ನು ಅದರ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಗೋದಾಮು ತೆರೆಯುವ ಹೊತ್ತಿಗೆ ಈ ಕೆಲಸ ನಡೆಯುತ್ತದೆ. ಗೊಬ್ಬರಕ್ಕೆಂದು ಬಂದ ಸದಸ್ಯರು ಐದು ನಿಮಿಷ ನಿಂತು ನೋಡಬಹುದು.