ಮೀನಿನ ಮೈ, ಸಸ್ತನಿಯ ಮೂಳೆ

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಒಂದನೆಯ ನಂಬರಿನಲ್ಲಿರುವ ಏಷಿಯಾಟಿಕ್ ಸೊಸೈಟಿಯನ್ನು ವಿಲಿಯಂ ಜೋನ್ಸ್ 1784ರಲ್ಲಿ ಸ್ಥಾಪಿಸಿದರು. ಪ್ರಾಚೀನ ಗ್ರಂಥ, ಶಾಸನಗಳ ಅಧ್ಯಯನಕ್ಕೆ ಹೆಸರಾದ ಈ ಸಂಸ್ಥೆ, ಭಾರತದ ಪ್ರಾಣಿಗಳನ್ನು ದೇಹರಚನೆಯ ಆಧಾರದ ಮೇಲೆ ವರ್ಗೀಕರಿಸುವ ಕೆಲಸಕ್ಕೂ ಆರಂಭದ ನೆಲೆಯಾಗಿತ್ತು. ಸೊಸೈಟಿಗೆ ಈ ರಸ್ತೆಯಲ್ಲಿ ಸ್ವಂತ ಕಟ್ಟಡವಾಗುವ ಮೊದಲೇ, 1801ರಲ್ಲಿ, ಅದರ ಸಂಶೋಧನಾ ಸಂಪುಟದಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಗಂಗಾ ನದಿಯ ಡಾಲ್ಫಿನ್ನನ್ನು ವರ್ಣಿಸಿದರು.

ಪ್ರಾಣಿಯನ್ನು ಯಾವ ಲಕ್ಷಣದಿಂದ ಗುರುತಿಸಬೇಕು ಎಂಬ ಪ್ರಶ್ನೆಗೆ ಈ ಡಾಲ್ಫಿನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನೀರಿನಲ್ಲಿ ವಾಸ, ಕದಿರಿನಂತೆ ಎರಡೂ ತುದಿಗೆ ಸಪುರವಾಗುವ ಮೈ, ಈಜಲು ರೆಕ್ಕೆಗಳು ಎಂಬಿಷ್ಟನ್ನೇ ನೋಡಿದರೆ ಅದನ್ನು ಮೀನುಗಳ ಜೊತೆಗಿಡಬೇಕಾಗುತ್ತದೆ. ಆದರೆ ಅದು ಶ್ವಾಸಕೋಶದಿಂದ ಉಸಿರಾಡಲು ಮತ್ತೆ ಮತ್ತೆ ಮೇಲೆ ಬರುತ್ತದೆ, ಮರಿಗೆ ಹಾಲುಣಿಸುತ್ತದೆ, ಮತ್ತು ಅದರ ಈಜುರೆಕ್ಕೆಯ ಚರ್ಮವನ್ನು ಬಿಡಿಸಿದರೆ ಒಳಗೆ ಮನುಷ್ಯನ ಕೈಯಲ್ಲಿರುವಂತೆಯೇ ತೋಳಿನ ಒಂದು ಮೂಳೆ, ಮುಂಗೈಯ ಎರಡು ಮೂಳೆ, ಮಣಿಕಟ್ಟಿನ ಸಣ್ಣ ಮೂಳೆಗಳು ಮತ್ತು ಬೆರಳುಗಳ ಸಾಲು ಕಾಣುತ್ತವೆ. ಮೀನಿನ ಬಾಲ ನೆಟ್ಟಗೆ ನಿಂತು ಎಡಬಲಕ್ಕೆ ಬೀಸಿದರೆ, ಡಾಲ್ಫಿನ್ನಿನ ಬಾಲ ಅಡ್ಡಲಾಗಿ ಹರಡಿ ಮೇಲೆ ಕೆಳಗೆ ಬಡಿಯುತ್ತದೆ. ನೆಲದ ಮೇಲೆ ನೆಗೆದು ಓಡುತ್ತಿದ್ದ ಪೂರ್ವಜರ ಬೆನ್ನುಮೂಳೆ ಬಾಗುತ್ತಿದ್ದ ದಿಕ್ಕೇ ಅದು. ಒಂದೇ ಮೂಲದಿಂದ ಬಂದು ಬೇರೆ ಬೇರೆ ಕೆಲಸಕ್ಕೆ ಒದಗಿದ ಅಂಗಗಳನ್ನು ಸಮಮೂಲ ಅಂಗಗಳೆಂದೂ, ಬೇರೆ ಮೂಲದಿಂದ ಬಂದು ಒಂದೇ ಕೆಲಸ ಮಾಡುವ ಅಂಗಗಳನ್ನು ಸಮಕಾರ್ಯ ಅಂಗಗಳೆಂದೂ ಕರೆಯಬಹುದು. ವರ್ಗೀಕರಣದಲ್ಲಿ ಬೆಲೆ ಇರುವುದು ಮೊದಲನೆಯದಕ್ಕೆ, ಏಕೆಂದರೆ ಹೊರಗಿನ ಆಕಾರವನ್ನು ವಾಸಸ್ಥಳ ತಿದ್ದುತ್ತದೆ, ಒಳಗಿನ ವಿನ್ಯಾಸ ವಂಶವನ್ನು ಉಳಿಸಿಕೊಳ್ಳುತ್ತದೆ. ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ತಿಮಿಂಗಿಲಗಳನ್ನೂ ಅವುಗಳ ಗುಂಪಿಗೇ ಸೇರಿದ ಡಾಲ್ಫಿನ್‌ಗಳನ್ನೂ ಮೀನುಗಳಿಂದ ಬೇರ್ಪಡಿಸಿ ಸಸ್ತನಿಗಳ, ಅಂದರೆ ಮರಿಗೆ ಹಾಲೂಡುವ ಪ್ರಾಣಿಗಳ, ವರ್ಗಕ್ಕೆ ಸೇರಿಸಿದ್ದರು.

ಕರ್ನಾಟಕದ ಕಾಡುಗಳ ಚಿಪ್ಪುಹಂದಿಗೂ ಇದೇ ಮಾತು ಅನ್ವಯಿಸುತ್ತದೆ: ಮೈತುಂಬ ಚಿಪ್ಪಿದ್ದರೂ ಅದು ಸರೀಸೃಪವಲ್ಲ, ಹೊಟ್ಟೆಯ ಕಡೆ ಕೂದಲಿರುವ ಸಸ್ತನಿ, ವಂಶದಲ್ಲಿ ಹಂದಿಗಿಂತ ಬೆಕ್ಕು ನಾಯಿಗಳಿಗೆ ಹತ್ತಿರ.

ಡಾಲ್ಫಿನ್ ಸಸ್ತನಿ ಎಂದು ತಿಳಿದ ಮೇಲೂ ಯಾವ ಸಸ್ತನಿಗಳಿಗೆ ಅದು ಹತ್ತಿರದ ಬಂಧು ಎಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಉತ್ತರದ ಒಂದು ಮುಖ್ಯ ಭಾಗ ಭಾರತದಲ್ಲಿಯೇ ದೊರೆಯಿತು. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಸಂಗ್ರಹಿಸಿದ್ದ ಬಂಡೆಗಳಿಂದ ಬಿಡಿಸಿದ ಇಂಡೋಹ್ಯೂಸ್ ಎಂಬ ಪ್ರಾಣಿಯ ಪಳೆಯುಳಿಕೆಗಳನ್ನು ಹಾನ್ಸ್ ಥೆವಿಸೆನ್ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದರು. ಸುಮಾರು 4.8 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ಗೊರಸುಳ್ಳ ಪ್ರಾಣಿಗಳ ಗುಂಪಿಗೆ ಸೇರಿದ ಆ ಸಣ್ಣ ಜೀವಿಯ ಕಿವಿಯ ಮೂಳೆಯ ಗೋಡೆ ತಿಮಿಂಗಿಲಗಳಲ್ಲಿರುವಂತೆ ಒಂದು ಕಡೆ ದಪ್ಪವಾಗಿತ್ತು. ಇಷ್ಟು ಚಿಕ್ಕ ಮೂಳೆ ಇಷ್ಟು ದೊಡ್ಡ ವಂಶಾವಳಿಗೆ ಸಾಕ್ಷಿಯಾದುದು ನಿಜಕ್ಕೂ ರೋಮಾಂಚಕಾರಿ. ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಅತಿ ಹತ್ತಿರದ ಬಂಧು ನೀರಾನೆ ಎಂಬುದನ್ನು ಡಿಎನ್‌ಎ ಅಧ್ಯಯನಗಳು ತೋರಿಸಿವೆ.

ಸೊಸೈಟಿ 1814ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಹೊಣೆಯನ್ನು 1841ರಿಂದ ಎರಡು ದಶಕಗಳ ಕಾಲ ಹೊತ್ತ ಎಡ್ವರ್ಡ್ ಬ್ಲೈತ್, ಸಾವಿರಾರು ಚರ್ಮ ಮತ್ತು ಅಸ್ಥಿಪಂಜರಗಳನ್ನು ಹೋಲಿಸಿ ಪಟ್ಟಿಗಳನ್ನು ಸಿದ್ಧಪಡಿಸಿದರು. ಆ ಸಂಗ್ರಹ ಮುಂದೆ ಇಂಡಿಯನ್ ಮ್ಯೂಸಿಯಮ್ಮಿಗೂ, 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣೆಗೂ ತಳಹದಿಯಾಯಿತು. ಇಂತಹ ಸಂಗ್ರಹವನ್ನು ಹಳೆಯ ಸರಕೆಂದು ಕಾಣುವುದು ದೊಡ್ಡ ತಪ್ಪು, ಏಕೆಂದರೆ ಹೊಸ ಪ್ರಶ್ನೆ ಎದ್ದಾಗ ಅಳೆದು ನೋಡಲು ಬೇಕಾಗುವುದು ಆ ಮೂಳೆಗಳೇ. ಸಿಂಧೂ ನದಿಯ ಡಾಲ್ಫಿನ್ ಗಂಗೆಯದಕ್ಕಿಂತ ಬೇರೆ ಪ್ರಭೇದವೆಂದು ಬ್ಲೈತ್ 1859ರಲ್ಲಿ ಬರೆದರು. ಆಮೇಲಿನ ವಿಜ್ಞಾನಿಗಳು ಎರಡನ್ನೂ ಒಂದೇ ಪ್ರಭೇದದ ಉಪಪ್ರಭೇದಗಳೆಂದು ಎಣಿಸಿದರು. 2021ರಲ್ಲಿ ತಲೆಬುರುಡೆಗಳ ಅಳತೆ ಮತ್ತು ಡಿಎನ್‌ಎ ಎರಡನ್ನೂ ಪರಿಶೀಲಿಸಿದ ಸಂಶೋಧಕರು ಅವುಗಳನ್ನು ಮತ್ತೆ ಎರಡು ಪ್ರಭೇದಗಳಾಗಿ ಬೇರ್ಪಡಿಸಿದರು. ಇದರಿಂದಾಗಿ, 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿತವಾದ ಗಂಗೆಯ ಡಾಲ್ಫಿನ್ನಿನ ಸಂಖ್ಯೆಯನ್ನೂ ಅಪಾಯವನ್ನೂ ಸಿಂಧುವಿನದರೊಂದಿಗೆ ಕೂಡಿಸದೆ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗಿದೆ.