ಆಕಾಶದ ಟಿವಿ ಪುಕ್ಕಟೆ, ಹಿಡಿಯೋರು ಮಾತ್ರ ಊರಿಗೊಬ್ಬರೂ ಇಲ್ಲ

ಆವನಿ ಬೆಟ್ಟದ ಮೇಲಿನ ಸೀತಮ್ಮನ ಗುಡಿಗೆ ಹತ್ತುವ ದಾರಿಯಲ್ಲಿ ಅರ್ಧಕ್ಕೆ ನಿಂತು ಕೆಳಗೆ ನೋಡಿ. ರಾಮಲಿಂಗೇಶ್ವರ ದೇವಸ್ಥಾನದ ಸುತ್ತ ಹಬ್ಬಿರುವ ಊರಿನ ತಾರಸಿಗಳ ಮೇಲೆ ಡಿಶ್ ಬಟ್ಟಲುಗಳು ಕಾಣುತ್ತವೆ. ಒಂದಿಷ್ಟು ದಕ್ಷಿಣಕ್ಕೆ ವಾಲಿವೆ, ಬಹಳಷ್ಟು ಆಗ್ನೇಯಕ್ಕೆ, ಅಂದರೆ ವಿ.ಕೋಟದ ಕಡೆಗೆ ಮುಖ ಮಾಡಿವೆ. ಹೆಚ್ಚುಕಡಿಮೆ ಎಲ್ಲದರ ಮೇಲೂ ಯಾವುದಾದರೊಂದು ಖಾಸಗಿ ಕಂಪನಿಯ ಹೆಸರಿದೆ. ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸದಿದ್ದರೆ ಪರದೆ ಕಪ್ಪು.

ತಮಾಷೆ ಏನಂದ್ರೆ, ಅದೇ ಬಟ್ಟಲುಗಳ ಮೇಲೆ ಹಗಲೂರಾತ್ರಿ ಪುಕ್ಕಟೆ ಟಿವಿಯೂ ಬೀಳ್ತಾ ಇದೆ. ನಮ್ಮ ಕಡೆ ತುಂಬಾ ಮನೆಗಳಲ್ಲಿರುವ ಸನ್ ಡೈರೆಕ್ಟನ್ನೇ ತಗೊಳ್ಳಿ. ಅದು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಇಸ್ರೋದ ಜಿಸ್ಯಾಟ್-15 ಉಪಗ್ರಹದಿಂದ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಕೂಡ ಬರೋದು ಅದೇ ಉಪಗ್ರಹದಿಂದ. ಹಾಗಾಗಿ ಆ ಬಟ್ಟಲನ್ನು ಅಲುಗಾಡಿಸದೆ, ಕೇಬಲ್ಲಿನ ತುದಿಯನ್ನು ಬಿಚ್ಚಿ ಒಂದು ಸಾದಾ ಫ್ರೀ ಡಿಶ್ ಬಾಕ್ಸಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಚಾನೆಲ್ಲುಗಳು ಬಂದುಬಿಡುತ್ತವೆ. ಬಿಲ್ಲಿಲ್ಲ, ಲಾಗಿನ್ ಇಲ್ಲ, ಓಟಿಪಿ ಇಲ್ಲ. ಇದನ್ನು ಮಾಡಿ ನೋಡಿದವರು ಆವನಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿದೆ. "ಅಂಗೂ ಬರ್ತೈತಾ?" ಅಂತ ನನ್ನನ್ನೇ ತಿರುಗಿ ಕೇಳಿದರು.

ಮನೆಯಲ್ಲಿ ತಾವೇ ಬಟ್ಟಲು ತಿರುಗಿಸಿ, ಉಪಗ್ರಹ ಹುಡುಕಿ, ಬೀಗವಿಲ್ಲದ ಚಾನೆಲ್ಲುಗಳನ್ನು ಹಿಡಿಯುವ ಹವ್ಯಾಸಿಗಳು ನಮ್ಮಲ್ಲಿ ಯಾಕೆ ಇಷ್ಟು ಅಪರೂಪ? "ಯೂಟ್ಯೂಬ್ ಬಂದ ಮೇಲೆ ಯಾರಿಗೆ ಬೇಕು" ಅನ್ನೋದು ಸುಲಭದ ಉತ್ತರ. ಆದರೆ ಯೂಟ್ಯೂಬ್ ಬರೋಕೆ ಮೊದಲೂ ಇವರು ಅಪರೂಪವೇ ಆಗಿದ್ದರು. ನನ್ನ ಪ್ರಕಾರ ಇದಕ್ಕೆ ಕಾರಣ ತಂತ್ರಜ್ಞಾನವಲ್ಲ. ಬೀದಿ, ಸರ್ಕಾರ, ಭಾಷೆ, ಈ ಮೂರೂ ಸೇರಿ ಪುಕ್ಕಟೆ ಆಕಾಶಕ್ಕೂ ನಮಗೂ ಮಧ್ಯೆ ಒಬ್ಬ ದಲ್ಲಾಳಿಯನ್ನು ಕೂರಿಸಿವೆ.

ಮೊದಲು ಇದು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ಇಂಜಿನಿಯರಿಂಗ್ ಓದಿದ್ದು ಇಂಥ ಕಡೆಯಾದರೂ ಉಪಯೋಗಕ್ಕೆ ಬರಲಿ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗದಲ್ಲೇ ಸುತ್ತುತ್ತವೆ. ಆದ್ದರಿಂದ ನಮಗೆ ನಿಂತಲ್ಲೇ ನಿಂತ ಹಾಗೆ ಕಾಣುತ್ತವೆ. ಆವನಿ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ ಅಷ್ಟೇ. ಹಾಗಾಗಿ ಉಪಗ್ರಹಗಳ ಸಾಲು ಇಲ್ಲಿ ದಕ್ಷಿಣಕ್ಕೆ ತುಸು ವಾಲಿದ ಕಮಾನಿನ ಹಾಗೆ ನೆತ್ತಿಯ ಹತ್ತಿರವೇ ಹಾದು ಹೋಗುತ್ತದೆ. ಆಫ್ರಿಕಾದ ಮೇಲಿರುವ ಉಪಗ್ರಹಗಳಿಂದ ಪೆಸಿಫಿಕ್ ಅಂಚಿನವುಗಳವರೆಗೆ ಎಲ್ಲವೂ ನಮ್ಮ ದಿಗಂತದೊಳಗೇ ಬರುತ್ತವೆ. ಯುರೋಪಿನ ಉತ್ತರದ ಊರುಗಳಲ್ಲಿ ಇದೇ ಸಾಲು ದಿಗಂತಕ್ಕೆ ಅಂಟಿಕೊಂಡಿರುತ್ತದೆ, ಎದುರುಮನೆಯ ಮರ ಅಡ್ಡ ಬಂದರೂ ಮುಗೀತು. ಅಂದರೆ ಈ ಹವ್ಯಾಸಕ್ಕೆ ಕೋಲಾರ ಜಿಲ್ಲೆಗಿಂತ ಒಳ್ಳೆ ಜಾಗ ಬೇಕಿಲ್ಲ. ಮಳೆ ಕಡಿಮೆ ಅನ್ನೋದು ನಮ್ಮ ಶಾಪ, ಆದರೆ ಸಣ್ಣ ಬಟ್ಟಲಿಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ಲಿಗೆ ಅದೇ ವರ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಜಗತ್ತಿನಲ್ಲಿ ಈ ಹವ್ಯಾಸ ಶುರುವಾದ ಕಥೆಯಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳೂ ಇವೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ 'ಸೈಟ್' ಎಂಬ ಪ್ರಯೋಗ ನಡೆಸಿತು. ಅಮೆರಿಕದ ನಾಸಾದಿಂದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿತು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು. ಹಳ್ಳಿಯ ಶಾಲೆಯ ಪಕ್ಕ ಕೋಳಿಗೂಡಿನ ಬಲೆಯಂಥ ತಂತಿಜಾಲರಿಯ 3 ಮೀಟರ್ ಬಟ್ಟಲು, ಒಳಗೊಂದು ಟಿವಿ ಪೆಟ್ಟಿಗೆ, ಸಂಜೆಗೆ ಇಡೀ ಊರು. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸುವ ವ್ಯವಸ್ಥೆ ಆಗಲೇ ಇತ್ತು. ಕನ್ನಡ, ತೆಲುಗು ಎರಡೂ ಒಂದೇ ಮನೆಯೊಳಗೆ ಓಡಾಡುವ ನಮ್ಮ ಮುಳಬಾಗಿಲು ಸೀಮೆಗೆ ಹೇಳಿ ಮಾಡಿಸಿದಂಥದ್ದು. ಪ್ರಯೋಗ ಇಲ್ಲಿಗೆ ಬರಲಿಲ್ಲ, ಅದು ಬೇರೆ ಮಾತು.

ಆ ಸಿಗ್ನಲ್ಲಿಗೆ ಬೀಗ ಇರಲಿಲ್ಲ. ಭೂಸ್ಥಿರ ಉಪಗ್ರಹದಿಂದ ಜಗತ್ತಿಗೇ ಪ್ರಸಾರ ಮಾಡಬಹುದು ಎಂದು 1945ರಲ್ಲೇ ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್ ಆಗ ಕೊಲಂಬೊದಲ್ಲಿದ್ದರು. ಇಸ್ರೋ ಇಂಜಿನಿಯರುಗಳೇ ಹೋಗಿ ಅವರ ಮನೆಯಲ್ಲಿ ಒಂದು ಬಟ್ಟಲು ಕೂರಿಸಿ ಬಂದರು. ಅತ್ತ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸ್ಟೀವ್ ಬರ್ಕಿಲ್ ಎಂಬ ಬಿಬಿಸಿ ಇಂಜಿನಿಯರ್ ಮನೆಯಲ್ಲೇ ಉಪಕರಣ ಜೋಡಿಸಿ, ನಮ್ಮ ಹಳ್ಳಿಗಳಿಗೆಂದು ಕಳಿಸುತ್ತಿದ್ದ ಕಾರ್ಯಕ್ರಮವನ್ನೇ ಹಿಡಿದರು. ಉಪಗ್ರಹ ಟಿವಿಯ ಮೊದಲ ಹವ್ಯಾಸಿಗಳಲ್ಲಿ ಒಬ್ಬರು ನೋಡಿದ್ದು ನಮ್ಮ ರೈತರಿಗೆ ಮಾಡಿದ ಪಾಠ!

ಆಮೇಲೆ ಅಮೆರಿಕದಲ್ಲಿ ಈ ಹವ್ಯಾಸ ಬೆಳೆದದ್ದು ಹೊಲದ ಮಧ್ಯೆ ಒಂಟಿ ಮನೆ ಕಟ್ಟಿಕೊಂಡ ರೈತರಿಂದ. ಅಲ್ಲಿಗೆ ಕೇಬಲ್ ಎಳೆಯೋರು ಯಾರೂ ಇರಲಿಲ್ಲ, ಹಾಗಾಗಿ ಅಂಗಳದಲ್ಲಿ ಹತ್ತು ಅಡಿಯ ಬಟ್ಟಲು ತಾವೇ ನಿಲ್ಲಿಸಿಕೊಂಡರು. ನಮ್ಮ ಹಳ್ಳಿ ಹಾಗಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. 1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದಿಂದ ಸ್ಟಾರ್ ಟಿವಿ ಬೀಗವಿಲ್ಲದೆ ಇಳಿಯತೊಡಗಿದಾಗ ಏನಾಯ್ತು? ಬೀದಿಗೊಬ್ಬ ಚುರುಕಿನ ಹುಡುಗ ಬಟ್ಟಲು ತಂದ, ತಿರುಗಿಸಿ ತಿರುಗಿಸಿ ಸಿಗ್ನಲ್ ಹಿಡಿದ, ಮರುದಿನವೇ ಪಕ್ಕದ ಮನೆಗೆ ವೈರ್ ಎಳೆದ, ತಿಂಗಳ ಕೊನೆಗೆ ದುಡ್ಡು ಕೇಳಿದ. ಅವನೇ ಕೇಬಲ್ ಆಪರೇಟರ್. 1994ರಲ್ಲಿ ಉದಯ ಟಿವಿ ಬಂದ ಮೇಲೆ ಅವನಿಗೆ ಬಿಡುವೇ ಇರಲಿಲ್ಲ. ಹೀಗಾಗಿ ನಮ್ಮಲ್ಲಿ ಹವ್ಯಾಸಿ ಹುಟ್ಟಿದ ದಿನವೇ ವ್ಯಾಪಾರಿಯಾದ. ಬೀದಿಗೆ ಒಂದೇ ಬಟ್ಟಲು ಸಾಕಾಯ್ತು, ಉಳಿದವರಿಗೆ ಕಲಿಯುವ ಅಗತ್ಯವೇ ಬೀಳಲಿಲ್ಲ.

ಸಣ್ಣ ಬಟ್ಟಲಿನ ಕಾಲ ಬರುವಾಗ ಸರ್ಕಾರ ಅಡ್ಡ ನಿಂತಿತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತ್ತು. ಎರಡೇ ವರ್ಷಕ್ಕೆ, 1997ರಲ್ಲಿ, ಮನೆಗೆ ನೇರ ಪ್ರಸಾರ ಹಿಡಿಯುವ ಕೆಯು ಬ್ಯಾಂಡ್ ಉಪಕರಣಗಳನ್ನೇ ಕೇಂದ್ರ ನಿಷೇಧಿಸಿತು. ಕಣ್ಣಿದ್ದದ್ದು ರೂಪರ್ಟ್ ಮರ್ಡೋಕ್ ಕಂಪನಿಯ ಮೇಲೆ, ಬಾಗಿಲು ಮುಚ್ಚಿದ್ದು ಎಲ್ಲರಿಗೂ. ನಿಷೇಧ ತೆರವಾದದ್ದು 2000ದ ನವೆಂಬರಿನಲ್ಲಿ. ಮೊದಲು ಬಂದದ್ದು ದುಡ್ಡು ಕೊಟ್ಟು ನೋಡುವ ಖಾಸಗಿ ಡಿಟಿಎಚ್. ಪುಕ್ಕಟೆಯ ಡಿಡಿ ಡೈರೆಕ್ಟ್ ಪ್ಲಸ್ ಬಂದದ್ದು 2004ರ ಡಿಸೆಂಬರಿನಲ್ಲಿ, 33 ಚಾನೆಲ್ಲುಗಳೊಂದಿಗೆ. ಅದೇ ಇವತ್ತಿನ ಫ್ರೀ ಡಿಶ್.

ಈಗ ಭಾಷೆಯ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರುವುದು ಇಲ್ಲಿ. ಸರ್ಕಾರ ಹೇಳುವ ಅಂದಾಜಿನ ಪ್ರಕಾರ 2018ರಲ್ಲಿ 3.3 ಕೋಟಿ ಮನೆಗಳಲ್ಲಿದ್ದ ಫ್ರೀ ಡಿಶ್ 2024ಕ್ಕೆ 4.9 ಕೋಟಿ ಮನೆ ಮುಟ್ಟಿದೆ. ದೇಶದಲ್ಲಿ ಇದು ಅಪರೂಪದ ವಸ್ತುವೇನಲ್ಲ. ಅಪರೂಪವಾಗಿರೋದು ನಮ್ಮ ಕಡೆ. ಯಾಕೆಂದರೆ ಅದರ ಖಾಸಗಿ ಜಾಗಗಳು ಕೋಟಿಗಟ್ಟಲೆಗೆ ಹರಾಜಾಗುತ್ತವೆ. ಹರಾಜಿನ ಮೇಲಿನ ದರ್ಜೆಯೇ ಹಿಂದಿ ಮನರಂಜನಾ ಚಾನೆಲ್ಲುಗಳದ್ದು, ಕೊಳ್ಳುವವರಲ್ಲೂ ಬಹುಪಾಲು ಹಿಂದಿಯವರೇ. ಕನ್ನಡಕ್ಕೆ ಚಂದನ ಇದೆ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಅಲ್ಲಿಲ್ಲ. ಆವನಿಯ ಅಜ್ಜಿಗೆ ಸಂಜೆಯ ಧಾರಾವಾಹಿ ಬೇಕು, ಕೆಲವು ಮನೆಗಳಲ್ಲಿ ತೆಲುಗಿನದ್ದೂ ಬೇಕು. ಹಿಂದಿ ಸಿನಿಮಾ ಪುಕ್ಕಟೆಯಾಗಿ ಹತ್ತು ಚಾನೆಲ್ಲಿನಲ್ಲಿ ಬಂದರೆ ಆಕೆಗೇನು?

ಚಾನೆಲ್ಲುಗಳ ಲೆಕ್ಕಾಚಾರವೂ ಅರ್ಥವಾಗುವಂಥದ್ದೇ. ಉತ್ತರದ ಹಳ್ಳಿಗಳನ್ನು ಮುಟ್ಟಲು ಜಾಹೀರಾತುದಾರರಿಗೆ ಫ್ರೀ ಡಿಶ್ ಬೇಕು. ನಮ್ಮ ಹಳ್ಳಿಗಳನ್ನು ಕೇಬಲ್ ಮತ್ತು ಡಿಟಿಎಚ್ ಆಗಲೇ ಮುಟ್ಟಿವೆ, ಚಂದಾ ಹಣವೂ ಬರ್ತಾ ಇದೆ. ಮತ್ಯಾಕೆ ಕೋಟಿ ಕೊಟ್ಟು ಪುಕ್ಕಟೆ ತೋರಿಸೋದು? ಹಿಂದಿಯಲ್ಲೂ ಸ್ಟಾರ್, ಜೀ, ಸೋನಿ, ವಯಾಕಾಮ್ ಬಳಗಗಳು 2022ರ ಏಪ್ರಿಲಿನಲ್ಲಿ ತಮ್ಮ ಮನರಂಜನಾ ಚಾನೆಲ್ಲುಗಳನ್ನು ಅಲ್ಲಿಂದ ಎತ್ತಿಕೊಂಡಿದ್ದವು. ವ್ಯಾಪಾರಿ ವ್ಯಾಪಾರ ಮಾಡ್ತಾನೆ, ಸರಿ. ಆದರೆ ಪ್ರಸಾರ ಭಾರತಿ ವ್ಯಾಪಾರಿಯಲ್ಲ, ಸಾರ್ವಜನಿಕ ಸಂಸ್ಥೆ. ಬ್ಯಾಂಕಿನ ಚಲನ್ನಿನಲ್ಲಿ, ಮೆಟ್ರೋ ಬೋರ್ಡಿನಲ್ಲಿ ಹಿಂದಿ ಕಂಡರೆ ಬೀದಿಗಿಳಿಯುವ ನಾವು, ನಮ್ಮ ತೆರಿಗೆಯಿಂದಲೂ ಹಾರಿದ ಉಪಗ್ರಹದ ಪುಕ್ಕಟೆ ಜಾಗ ಯಾವ ಭಾಷೆಗೆ ಎಷ್ಟು ಅಂತ ಯಾಕೆ ಕೇಳಿಲ್ಲವೋ ಗೊತ್ತಿಲ್ಲ.

"ಕನ್ನಡ ನ್ಯೂಸ್ ಚಾನೆಲ್ಲುಗಳು ಫ್ರೀ ಅಲ್ವಾ?" ಅಂತ ಕೇಳಬಹುದು. ಕಾಗದದ ಮೇಲೆ ಹಲವು ಫ್ರೀ. ಆದರೆ 2019ರ ಫೆಬ್ರುವರಿಯಲ್ಲಿ ಜಾರಿಯಾದ ಟ್ರಾಯ್ ನಿಯಮದಲ್ಲಿ ಬರೀ ಉಚಿತ ಚಾನೆಲ್ಲುಗಳನ್ನು ನೋಡುವವರಿಂದಲೂ ತಿಂಗಳಿಗೆ 130 ರೂಪಾಯಿ ಜೊತೆಗೆ ಜಿಎಸ್‌ಟಿ, ಅಂದರೆ 153 ರೂಪಾಯಿ ತನಕ ಸಂಪರ್ಕ ಶುಲ್ಕ ವಸೂಲಿ ಮಾಡಲು ಅವಕಾಶ ಸಿಕ್ಕಿತು. 2024ರಲ್ಲಿ ಆ ಮಿತಿಯನ್ನೂ ತೆಗೆದರು. ನೀರು ಪುಕ್ಕಟೆ, ಕೊಡಕ್ಕೆ ಬಾಡಿಗೆ ಅಂದ ಹಾಗೆ.

ಕ್ರಿಕೆಟ್ಟಿನ ವಿಷಯ ಇದಕ್ಕಿಂತ ಸ್ವಾರಸ್ಯಕರ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಅನ್ನುತ್ತದೆ 2007ರ ಕಾಯ್ದೆ. ಆದರೆ ಹಾಗೆ ಹಂಚಿಕೊಂಡ ಸಿಗ್ನಲ್ಲನ್ನು ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಪರಿಣಾಮ? ಪುಕ್ಕಟೆ ಪಂದ್ಯ ಸಿಗುವುದು ಫ್ರೀ ಡಿಶ್ ಇದ್ದವರಿಗೆ. ದುಡ್ಡು ಕೊಡುವವರು ಇನ್ನಷ್ಟು ದುಡ್ಡು ಕೊಡಬೇಕು. ಆವನಿಯ ಹುಡುಗರಿಗೆ ಇದನ್ನು ಹೇಳಿದಾಗ ಮಾತ್ರ ಅವರ ಕಿವಿ ನೆಟ್ಟಗಾಯ್ತು.

ಇಷ್ಟೆಲ್ಲದರ ನಡುವೆಯೂ ಒಬ್ಬಿಬ್ಬರು ಉಳಿದಿದ್ದಾರೆ. ಆವನಿಯ ಹತ್ತಿರ ನನ್ನ ಸೋದರಮಾವ ಒಬ್ಬರು. ಟೊಮೆಟೊ ಬೆಳೆಯುತ್ತಾರೆ, ಬಿಡುವಿನಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ. ತಾರಸಿಯ ಮೇಲೆ ಎಂಟಡಿಯ ಹಳೇ ಸಿ ಬ್ಯಾಂಡ್ ಬಟ್ಟಲು. ಸ್ಪ್ಯಾನರ್ ಹಿಡಿದು ಅರ್ಧ ಬೆರಳು ತಿರುಗಿಸುವುದು, ಕೆಳಗಿನಿಂದ ಯಾರಾದರೂ "ಬಂತು ಬಂತು, ಹೋಯ್ತು" ಅಂತ ಕೂಗುವುದು, ಮತ್ತೆ ತಿರುಗಿಸುವುದು. "ಮಾವ, ಇದನ್ನ ಗುಜರಿಗೆ ಹಾಕಬಾರದಾ?" ಅಂದೆ. "ಇರ್ಲಿ ಬಿಡೋ. ಅದೇನು ನನ್ನ ಅನ್ನ ಕೇಳ್ತೈತಾ?" ಅಂದರು. ಅವರ ಹೊಸ ತಲೆನೋವು 5ಜಿ. 2022ರಲ್ಲಿ ಮೊಬೈಲ್ ಕಂಪನಿಗಳಿಗೆ ಹರಾಜಾದ 3300ರಿಂದ 3670 ಮೆಗಾಹರ್ಟ್ಸ್ ತರಂಗಗಳು ಸಿ ಬ್ಯಾಂಡ್ ಉಪಗ್ರಹಗಳ 3700ರ ಪಕ್ಕದ ಮನೆ. ಟವರಿನ ಜೋರು ಸಿಗ್ನಲ್ ಬಟ್ಟಲಿನ ಕಿವಿಗೆ ಕಿರುಚಿದಂತಾಗಿ ಉಪಗ್ರಹದ ಪಿಸುಮಾತು ಕೇಳಿಸುವುದಿಲ್ಲ. ಅಡ್ಡಸದ್ದು ತಡೆಯುವ ಫಿಲ್ಟರ್ ಸಿಗುತ್ತದೆ, ಆದರೆ ಮುಳಬಾಗಿಲಿನ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ.

ಇದನ್ನೆಲ್ಲ ಹಳೇ ತಲೆಗಳ ಹುಚ್ಚು ಅಂತ ಬಿಟ್ಟುಬಿಡಬಹುದಿತ್ತು. ನಾನು ಬಿಡದಿರಲು ಒಂದೇ ಕಾರಣ. ಬಟ್ಟಲು ಬರೀ ಕೇಳುತ್ತದೆ, ಹೇಳುವುದಿಲ್ಲ. ನೀವು ಏನು ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ ಅನ್ನೋದು ಯಾವ ಸರ್ವರಿಗೂ ಹೋಗುವುದಿಲ್ಲ. ಫೋನಿನಲ್ಲಿ ಒಂದು ಸುದ್ದಿ ತೆರೆದರೂ ಅದರ ಜಾಡು ನಾಲ್ಕು ಕಂಪನಿಗೆ ಮುಟ್ಟುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಇಂಟರ್ನೆಟ್, ಫೋನ್, ಕೇಬಲ್ ಎಲ್ಲ ಬಂದಾದಾಗ ಹೊರಗಿನ ಸುದ್ದಿ ಸಿಕ್ಕಿದ್ದು ಡಿಶ್ ಇದ್ದ ಮನೆಗಳಿಗೆ. ಫ್ರೀ ಡಿಶ್ಶಿನಲ್ಲಿ ಏನು ಬರಬೇಕು ಅಂತ ನಿರ್ಧರಿಸುವುದೂ ಸರ್ಕಾರದ ಸಂಸ್ಥೆಯೇ, ಅದು ನನಗೆ ಗೊತ್ತಿದೆ. ಅದಕ್ಕೇ ಒಂದೇ ಉಪಗ್ರಹಕ್ಕೆ ಕಟ್ಟಿ ಹಾಕಿದ ಬಟ್ಟಲಿಗಿಂತ ತಿರುಗಿಸಲು ಬರುವ ಕೈ ಮುಖ್ಯ ಅನ್ನೋದು ನನ್ನ ವಾದ.

ಟ್ರೈ ಮಾಡೋರಿಗೆ ಲೆಕ್ಕ ಇಲ್ಲಿದೆ. ಬಾಕ್ಸು, ಬಟ್ಟಲು ಸೇರಿ ಒಮ್ಮೆಗೆ ಎರಡು ಸಾವಿರದ ಆಸುಪಾಸು. ಆವನಿಯಿಂದ ಜಿಸ್ಯಾಟ್-15 ಸಿಗುವುದು ಉತ್ತರದಿಂದ ಪೂರ್ವಕ್ಕೆ ಅಳೆದರೆ 130 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 66 ಡಿಗ್ರಿ ಮೇಲೆ. ಅಳತೆಯ ಆ್ಯಪ್ ಮೇಲೆ ನಂಬಿಕೆ ಇಲ್ಲದಿದ್ದರೆ ಮಾರ್ಚ್ ಮಧ್ಯ ಇಲ್ಲವೇ ಸೆಪ್ಟೆಂಬರ್ ಕೊನೆಯವರೆಗೆ ಕಾಯಿರಿ. ಆ ದಿನಗಳಲ್ಲಿ ಬೆಳಿಗ್ಗೆ 11ರ ಸುಮಾರಿಗೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಹಾದು ಹೋಗುತ್ತಾನೆ, ಕೆಲವು ನಿಮಿಷ ಚಿತ್ರವೂ ಕೆಡುತ್ತದೆ. ಆ ಹೊತ್ತಿಗೆ ನಿಮ್ಮ ತಾರಸಿಯ ಯಾವ ಮೂಲೆಯಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಬೀಳುವುದಿಲ್ಲವೋ ಬಟ್ಟಲು ಅಲ್ಲಿ ಕೂರಿಸಿ.