ರೀಡಬಲ್ ಆದ ಮೇಲೆ ಪಾಸ್ ಎಂದರೇನು?

ಮಳೆ ಹಿಡಿದು ತೋಟದ ಕೆಲಸ ನಿಂತಾಗ ಮಲೆನಾಡಿನ ಪ್ಲಾಂಟರ್ಸ್ ಕ್ಲಬ್ಬುಗಳಲ್ಲಿ ಬ್ರಿಡ್ಜ್ ಮೇಜುಗಳು ತುಂಬುವುದು ಹಳೆಯ ರೂಢಿ. ಮಕ್ಕಳ ಓದಿಗೆಂದು ಬೆಂಗಳೂರಿನ ಬಾಪೂಜಿ ನಗರದಲ್ಲಿ ಮನೆ ಮಾಡಿರುವ ನಮ್ಮ ಕೆಲವು ಸದಸ್ಯರು ಈ ಹವ್ಯಾಸವನ್ನು ಮೈಸೂರು ರಸ್ತೆಗೂ ಒಯ್ದಿದ್ದಾರೆ. ಅಲ್ಲಿ ಇಬ್ಬರು ಹಳೆಯ ಜೊತೆಗಾರರು ಒಂದು ಪಾಸಿನ ದೆಸೆಯಿಂದ ಮಾತು ಬಿಟ್ಟ ಸುದ್ದಿ ಬಂದುದರಿಂದ ಈ ಬರಹ.

ಸಂಗತಿ ಇಷ್ಟು. ಎಡಗಡೆಯ ಎದುರಾಳಿ ಒಂದು ಆಟೀನು ಕರೆದ. ಜೊತೆಗಾರ ಟೇಕ್‌ಔಟ್ ಡಬಲ್ ಹೇಳಿದ, ಎಂದರೆ ‘ಉಳಿದ ರಂಗುಗಳಲ್ಲಿ ಒಂದನ್ನು ನೀನು ಆರಿಸು’ ಎಂದು. ಬಲಗಡೆಯವ ರೀಡಬಲ್ ಮಾಡಿದ. ಕೈಯಲ್ಲಿ ಏನೂ ಇಲ್ಲದವನು ‘ನೀನೇ ಆರಿಸಿಕೋ’ ಎಂಬರ್ಥದಲ್ಲಿ ಪಾಸ್ ಅಂದ. ಜೊತೆಗಾರ ಅದನ್ನು ‘ನನ್ನಲ್ಲಿ ಆಟೀನು ಬೇಕಾದಷ್ಟಿದೆ, ಸೋಲಿಸೋಣ’ ಎಂದು ತಿಳಿದು ತಾನೂ ಪಾಸ್ ಅಂದ. ಎದುರಾಳಿಗೆ ಏಳು ಪಟ್ಟು ಸಲೀಸಾಗಿ ಬಂದವು. 30ರ ನಾಲ್ಕರಷ್ಟು 120. ನೂರು ದಾಟಿದ್ದರಿಂದ ಅದು ಗೇಮ್. ವಲ್ನರಬಲ್ ಅಲ್ಲದಿದ್ದರೂ 300, ರೀಡಬಲ್ಲಿಗೆ 100, ಒಟ್ಟು 520. ಮೇಲಿನ ಪ್ರತಿ ಪಟ್ಟಿಗೆ ಮತ್ತೆ 200. ಅದರ ಬದಲು ಎರಡು ಕಳಾವರಿಗೆ ಓಡಿ, ಡಬಲ್ಲಾಗಿ ಎರಡು ಪಟ್ಟು ಸೋತಿದ್ದರೆ ಹೋಗುತ್ತಿದ್ದುದು ಬರೀ 300.

ಲೆಕ್ಕ ನೋಡಿ. ಕಟ್ಟಿನಲ್ಲಿರುವುದು 40 ಪಾಯಿಂಟು. ಕರೆದವನಲ್ಲಿ 12, ಡಬಲ್ ಹೇಳಿದವನಲ್ಲಿ 12, ರೀಡಬಲ್ಲಿನವನಲ್ಲಿ 10 ಎಂದರೂ ನಿಮಗೆ ಉಳಿಯುವುದು ಹೆಚ್ಚೆಂದರೆ ಆರು. ಆದ್ದರಿಂದ ಇಲ್ಲಿ ನೀವು ಕರೆಯುವ ರಂಗು ಬಲ ತೋರಿಸುವುದಿಲ್ಲ, ಎಲೆಗಳ ಸಂಖ್ಯೆಯನ್ನಷ್ಟೇ ತೋರಿಸುತ್ತದೆ. ಇಸ್ಪೀಟು 9-7-5-3 ಇದ್ದರೆ ಸೊನ್ನೆ ಪಾಯಿಂಟಿನಲ್ಲೂ ಒಂದು ಇಸ್ಪೀಟು ಕರೆಯಿರಿ. ಕಳಾವರಿನಲ್ಲೋ ಡೈಮಂಡಿನಲ್ಲೋ ಐದು ಎಲೆಯಿದ್ದರೆ ಎರಡಕ್ಕೆ ಹೋಗಲು ಹಿಂಜರಿಯಬೇಡಿ. ಆರು ಎಲೆಯ ಬಡ ರಂಗಿಗೆ ಒಂದು ಮಟ್ಟ ಜಿಗಿದರೆ ಎದುರಾಳಿಯ ದಾರಿಗೇ ಬೇಲಿ. ಆಟೀನು ನಾಲ್ಕು, ಉಳಿದವು ಮೂರು ಮೂರು ಎಂದಾಗ ಮಾತ್ರ ಪಾಸ್. ಆರಿಸುವ ಹೊಣೆ ಡಬಲ್ ಹೇಳಿದವನದು.

ಇದನ್ನೇಕೆ ದಂಡದ ಪಾಸ್ ಎಂದು ತಿಳಿಯಬಾರದು? ಆಟೀನು ಕರೆದವನು ನಿಮ್ಮ ಎಡಕ್ಕಿದ್ದಾನೆ. ನಿಮ್ಮ ಎಲೆ ಬಿದ್ದ ಮೇಲೆ ಅವನ ಎಲೆ. ನಿಮ್ಮ ತುರುಫಿನ ರಾಣಿ, ಗುಲಾಮ ಅವನ ರಾಜನ ಬಾಯಿಗೇ. ಒಂದು ಕಳಾವರು ಅಥವಾ ಒಂದು ಡೈಮಂಡಿನ ಮೇಲೆ ಪಾಸೆಂದರೆ ದಂಡ ಎಂದು ಒಪ್ಪಿಕೊಂಡಿರುವ ಜೋಡಿಗಳೂ ಇವೆ. ತಪ್ಪೇನಿಲ್ಲ, ಇಬ್ಬರಿಗೂ ಗೊತ್ತಿದ್ದರೆ ಸರಿ.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಜೋಡಿಗಳ ಚಿನ್ನ ಗೆದ್ದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಅವರಿಗೆ ಆಗ 60 ಮತ್ತು 56 ವರ್ಷ. ಹಾಗಾಗಿ ವಯಸ್ಸಿನ ಸಬೂಬು ನಡೆಯದು. ಮೇಜಿಗೆ ಕೂರುವ ಮೊದಲೇ ಈ ಪಾಸಿನ ಅರ್ಥವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎದುರಾಳಿ ಕೇಳಿದರೆ ಆ ಅರ್ಥವನ್ನು ಹೇಳಲೇಬೇಕು. ಆಟದ ಕಾನೂನು ಗುಟ್ಟಿನ ಒಪ್ಪಂದವನ್ನು ಒಪ್ಪುವುದಿಲ್ಲ.